ಚಾಪೆ ಹೊತ್ತ ಹುಡುಗ

"ನೋಡ್ರೋ, ನೋಡ್ರೋ, ಈಗ ಚಾಪೆ ಹೊರಿಸ್ತಾರೆ!" ಪಕ್ಕದ ಮನೆಯ ಹುಡುಗ ಜೋಜೊ ಕುಳಿತಲ್ಲೇ ಎಗರಿದ.

ಆಂಟಿ ಮಾನ್ಸಾ ಮನೆಯ ಜಗುಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುರುವಾರ ಸಂಜೆ 'ಹನ್ನೆರಡು ಬಾಗಿಲ ಮನೆ' ಶುರುವಾಗುವ ಹೊತ್ತಿಗೆ ವಠಾರದವರೆಲ್ಲ ಆಕೆಯ ದೊಡ್ಡ ಟೀವಿಯ ಮುಂದೆ ಸೇರುತ್ತಿದ್ದರು. ಇದೇ ಸೆಕೊಂಡಿ ಊರಿನಲ್ಲಿ ಹುಟ್ಟಿ ಬೆಳೆದ ನರ್ಸ್ ಒಬ್ಬರು ತಮ್ಮ ಬಾಲ್ಯದ ನೆನಪುಗಳನ್ನು ಪುಸ್ತಕ ಮಾಡಿದ್ದರು. ಟೀವಿಯವರು ಅದರಿಂದಲೇ ಈ ನಗೆ ಧಾರಾವಾಹಿ ತೆಗೆದಿದ್ದರು. ನೀಲಿ ಅಂಚಿನ ತಟ್ಟೆ ಕಂಡರೆ ಸಾಕು, "ಅಯ್ಯೋ, ನಮ್ಮನೇಲೂ ಅದೇ ಇತ್ತು ಕಣ್ರೇ!" ಎಂದು ದೊಡ್ಡವರು ಕೂಗುತ್ತಿದ್ದರು.

ಟೀವಿಯಲ್ಲಿ ಪುಟ್ಟ ಹುಡುಗನೊಬ್ಬ ರಾತ್ರಿ ಒದ್ದೆ ಮಾಡಿಕೊಂಡ ಚಾಪೆಯನ್ನು ಶಿಕ್ಷೆಯೆಂದು ತಲೆಯ ಮೇಲೆ ಹೊತ್ತು ಬೀದಿಯಲ್ಲಿ ನಡೆಯುತ್ತಿದ್ದ. ಅವನ ಹಿಂದೆ ಹಾಡುತ್ತ ಮಕ್ಕಳ ಹಿಂಡು.

"ಚಾಪೆಗೆ ಮಾತ್ರ ಮಳೆ ಬಂತು, ಊರಿಗೆಲ್ಲ ಬರಲಿಲ್ಲ!"

ಆಂಟಿ ಮಾನ್ಸಾ ತೊಡೆ ತಟ್ಟಿಕೊಂಡು ನಕ್ಕರು. ಹತ್ತು ವರ್ಷದ ಅರಬಾಳಿಗೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿತು. ಆ ನಗುವಿನ ನಡುವೆಯೇ ಬಾಯಿಂದ ಮಾತು ಹಾರಿಹೋಯಿತು.

"ಥೇಟ್ ನಮ್ಮ ಎಬೊ!"

ಎಲ್ಲರ ಕಣ್ಣೂ ಹಿಂದೆ ಕುಳಿತಿದ್ದ ಅವಳ ತಮ್ಮನ ಮೇಲೆ ಬಿತ್ತು. ಆಮೇಲೆ ಮೊದಲಿಗಿಂತ ಜೋರಾಗಿ ನಕ್ಕರು. ಜೋಜೊ ಹಿಂದೆ ತಿರುಗಿದ. "ಹೌದೇನೋ ಎಬೊ? ಇನ್ನೂನಾ? ಎಂಟು ವರ್ಷದ ಗಂಡಸು ನೀನು!"

ಎಬೊ ಅಕ್ಕನ ಮುಖವನ್ನೊಮ್ಮೆ ನೋಡಿದ. ಎದ್ದು, ಜನರ ಕಾಲುಗಳ ನಡುವೆ ದಾರಿ ಮಾಡಿಕೊಂಡು ಹೊರಟುಹೋದ.

ಶುಕ್ರವಾರ ಅವನು ಹೊಟ್ಟೆನೋವೆಂದು ಶಾಲೆಗೆ ಹೋಗಲಿಲ್ಲ. ಕಿಟಕಿಯ ಆಚೆ ಹುಡುಗರು ಹಾಡಿಕೊಂಡೇ ಶಾಲೆಗೆ ಹೋದರು, ಹಾಡಿಕೊಂಡೇ ಬಂದರು. ಶನಿವಾರ ಬೆಳಗ್ಗೆ ಅವನು ಮಂಚದ ಕೆಳಗೆ ಸೇರಿಕೊಂಡಿದ್ದ.

"ಎಬೊ, ಗಂಜಿ ಆರಿ ಹೋಗ್ತಿದೆ. ಸಕ್ಕರೆ ಜಾಸ್ತಿ ಹಾಕಿದೀನಿ."

"ಬೇಡ."

"ನಾನು ಬೇಕೂಂತ ಹೇಳಿದ್ದಲ್ಲ ಕಣೋ."

"ಆದ್ರೆ ಹೇಳಿದೆ."

ಅರಬಾ ಬಟ್ಟಲನ್ನು ಮಂಚದ ಕೆಳಗೆ ತಳ್ಳಿ ಗೋಡೆಗೆ ಒರಗಿ ಕುಳಿತಳು.

ಕಪಾಟಿನ ಮೇಲಿದ್ದ ರೇಡಿಯೊದಲ್ಲಿ ಅದೇ ಮಾತು. "ಹನ್ನೆರಡು ಬಾಗಿಲ ಮನೆ ನೋಡಿದವರೇ, ಕರೆ ಮಾಡಿ! ಚಾಪೆ ಎಪಿಸೋಡ್ ಹೇಗಿತ್ತು?" ಎಂದು ನಿರೂಪಕ ಕೇಳುತ್ತಿದ್ದ. ಒಬ್ಬಾಕೆ ಕರೆ ಮಾಡಿ, ನಗುವಾಗ ಸೂಪು ಮೂಗಿಗೇರಿತು ಎಂದಳು. ಇನ್ನೊಬ್ಬ ಹಾಡನ್ನು ಪೂರ್ತಿ ಹಾಡಿದ. "ನಾಳೆ ಮಧ್ಯಾಹ್ನ ಮೂರಕ್ಕೆ ಮತ್ತೆ ತೋರಿಸ್ತಾರೆ, ತಪ್ಪಿಸ್ಕೋಬೇಡಿ!" ಎಂದ ನಿರೂಪಕ.

ಮಂಚದ ಕೆಳಗಿದ್ದ ಪುಟ್ಟ ಪಾದಗಳು ಇನ್ನಷ್ಟು ಒಳಗೆ ಸರಿದವು.

ಅಮ್ಮ ಹಿತ್ತಲಲ್ಲಿ ಮೀನಿಗೆ ಹೊಗೆ ಹಾಕುತ್ತಿದ್ದಳು. ಅವಳ ಫೋನು ಕಿಟಕಿಯ ಕಟ್ಟೆಯ ಮೇಲಿತ್ತು. ಅರಬಾ ಅದನ್ನು ತೆಗೆದುಕೊಂಡಳು. ನಿರೂಪಕ ಹೇಳಿ ಹೇಳಿ ಆ ನಂಬರು ಅವಳಿಗೆ ಬಾಯಿಪಾಠವೇ ಆಗಿಬಿಟ್ಟಿತ್ತು. ಎರಡು ಸಲ ಲೈನ್ ಸಿಗಲಿಲ್ಲ. ಮೂರನೇ ಸಲ ಸಿಕ್ಕಿತು.

"ಹಲೋ! ಯಾರು ಮಾತಾಡ್ತಿರೋದು?"

"ಅರಬಾ. ಸೆಕೊಂಡಿಯಿಂದ."

"ಓಹೋ, ಪುಟಾಣಿ ವೀಕ್ಷಕಿ! ಹೇಳಮ್ಮ ಅರಬಾ, ಎಷ್ಟು ನಕ್ಕೆ?"

"ತುಂಬಾ ನಕ್ಕೆ. ಆದ್ರೆ ನಾಳೆ ಅದನ್ನ ಮತ್ತೆ ತೋರಿಸಬಾರದು. ನೀವು ಟೀವಿಯವರಿಗೆ ಹೇಳ್ತೀರಾ?"

"ಯಾಕಪ್ಪಾ?"

"ನಮ್ಮ ಬೀದೀಲಿ ಎಲ್ಲರೂ ಆ ಹಾಡು ಹಾಡ್ತಾರೆ. ಒಬ್ಬರಿಗೆ ಹೊರಗೆ ಹೋಗೋಕೇ ಆಗ್ತಿಲ್ಲ."

ನಿರೂಪಕ ಗೊಳ್ಳೆಂದು ನಕ್ಕ. "ಅಂದ್ರೆ ಅಲ್ಲೂ ಒಂದು ಚಾಪೆಗೆ ಮಳೆ ಬರ್ತಿದೆ! ಯಾರದು? ನೀನೇನಾ?"

ಕಿಟಕಿಯ ಆಚೆ ವಠಾರದ ಉಳಿದ ಹನ್ನೊಂದು ಮನೆಗಳಲ್ಲೂ ಅದೇ ರೇಡಿಯೊ ಕೂಗುತ್ತಿತ್ತು. ಅವಳು ಮಂಚದ ಕಡೆ ನೋಡಿದಳು.

"ಹೂಂ. ನಾನೇ."

"ಹಾಂ... ಸರಿ... ಧೈರ್ಯವಂತೆ," ಎಂದು ನಿರೂಪಕ ತಡವರಿಸಿ, ಗಡಿಬಿಡಿಯಲ್ಲಿ ಒಂದು ಹಾಡು ಹಾಕಿಬಿಟ್ಟ.

ಅಮ್ಮ ಬಾಗಿಲಿಗೆ ಬಂದಳು. ಕೈಗೆಲ್ಲ ಮಸಿ, ಹೊಗೆಗೆ ಕೆಂಪಾದ ಕಣ್ಣು. ಮಗಳ ಕೈಯಲ್ಲಿದ್ದ ಫೋನನ್ನು ನೋಡಿದಳು, ಮಂಚವನ್ನು ನೋಡಿದಳು. ಬೈಯುವ ಬದಲು ಹೊಸ್ತಿಲ ಮೇಲೆ ಕುಳಿತಳು.

ಮಂಚದ ಕೆಳಗಿನಿಂದ ದನಿ ಬಂತು. "ಅಕ್ಕಾ, ಸುಳ್ಳು ಹೇಳಿದೆ."

"ಹೂಂ."

"ರೇಡಿಯೊದಲ್ಲಿ. ಎಲ್ಲರಿಗೂ ಕೇಳಿಸ್ತು."

"ಗೊತ್ತು."

"ಇನ್ಮೇಲೆ ನಿನಗೆ ಹಾಡ್ತಾರೆ."

ಅರಬಾ ಅಷ್ಟು ದೂರ ಯೋಚಿಸಿರಲಿಲ್ಲ.

ಹಾಡು ಮುಗಿಯಿತು. "ಮುಂದಿನ ಕರೆ! ಹಲೋ!"

"ಹಲೋ, ನಾನು ಮಾನ್ಸಾ ಮಾತಾಡ್ತಿರೋದು."

ಅದೇ ದನಿ ರೇಡಿಯೊದಿಂದಲೂ ಬಂತು, ಅಂಗಳದ ಆಚೆಯಿಂದಲೂ ಬಂತು. ಎಬೊ ಮಂಚದ ಕೆಳಗಿನಿಂದ ತಲೆ ಹೊರಗೆ ಹಾಕಿದ.

"ಆಂಟಿ, ನಿಮ್ಮ ರೇಡಿಯೊ ಸ್ವಲ್ಪ ಸಣ್ಣ ಮಾಡಿ, ಕುಯ್ ಅಂತಿದೆ."

"ನನ್ನ ರೇಡಿಯೊ, ನನ್ನಿಷ್ಟ. ನೀನು ಕೇಳು. ಆ ಎಪಿಸೋಡ್ ನೋಡಿ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಯಾಕೆ ಗೊತ್ತಾ? ಯಾರೂ ನನ್ನ ಮುಖ ನೋಡಬಾರದು ಅಂತ. ಹನ್ನೆರಡು ವರ್ಷ ತುಂಬೋವರೆಗೂ ನನ್ನ ಚಾಪೆ ಒಣಗಿದ್ದೇ ಇಲ್ಲ! ನಮ್ಮಜ್ಜಿ ಅದನ್ನ ನನ್ನ ತಲೆ ಮೇಲಿಟ್ಟು ರೈಲ್ವೆ ಸ್ಟೇಷನ್‌ವರೆಗೂ ನಡೆಸಿದ್ಲು. ಈಗ ನನಗೆ ಅರವತ್ತಾರು. ಮೂರು ಅಂಗಡಿ ಇದೆ. ಯಾವನಾದರೂ ಬಂದು ನನ್ನ ಮುಂದೆ ಹಾಡಲಿ, ನೋಡ್ತೀನಿ!"

ಎಬೊ ಪೂರ್ತಿ ಹೊರಗೆ ಬಂದ. ಕೂದಲಿಗೆ ಧೂಳು ಮೆತ್ತಿತ್ತು. "ಆಂಟಿ ಮಾನ್ಸಾನಾ? ಅಷ್ಟು ದೊಡ್ಡವರಾ?"

"ಆಗ ಚಿಕ್ಕವರಿದ್ರಲ್ಲ," ಎಂದಳು ಅಮ್ಮ.

ಆಮೇಲೆ ಟಕೊರಾಡಿಯಿಂದ ಒಬ್ಬ ಡ್ರೈವರ್ ಕರೆ ಮಾಡಿ, ತನ್ನ ಚಾಪೆಯದೂ ಅದೇ ಕಥೆ ಎಂದ. ಕೇಪ್ ಕೋಸ್ಟ್‌ನಿಂದ ಒಬ್ಬರು ಟೀಚರ್ ಮಾತಾಡಿದರು. ತಮ್ಮ ಹೆಸರು ಮಾತ್ರ ಕೇಳಬೇಡಿ ಎಂದರು. ಎಬೊ ರೇಡಿಯೊದ ಪಕ್ಕದಲ್ಲೇ ಕುಳಿತು, ಒಬ್ಬೊಬ್ಬರಿಗೂ ಒಂದೊಂದು ಬೆರಳು ಮಡಚುತ್ತ ಆರಿದ ಗಂಜಿ ಕುಡಿದ.

ಮಧ್ಯಾಹ್ನದ ಊಟಕ್ಕೆ ಕೆಂಕೆ ಎಂಬ ಮೆಕ್ಕೆಜೋಳದ ಕಡುಬು ತರಲು ಅಮ್ಮ ಅರಬಾಳನ್ನು ಬೀದಿಯ ಮೂಲೆಗೆ ಕಳಿಸಿದಳು.

ಗೇಟು ದಾಟಿ ಹತ್ತು ಹೆಜ್ಜೆ ಹೋಗಿರಲಿಲ್ಲ, ಜೋಜೊ ಶುರುಮಾಡಿದ. "ಚಾಪೆಗೆ ಮಾತ್ರ ಮಳೆ ಬಂತು..." ಅವನ ಜೊತೆ ಇನ್ನಿಬ್ಬರು ದನಿ ಸೇರಿಸಿದರು. ಉಳಿದವರು ಸುಮ್ಮನೆ ಆಂಟಿ ಮಾನ್ಸಾ ಮನೆಯ ಕಡೆ ನೋಡಿದರು.

ಅರಬಾಳ ಕಾಲುಗಳು ಓಡಲು ಹವಣಿಸಿದವು. ಕೆಂಕೆಯ ಅಂಗಡಿ ಅಲ್ಲೇ, ದಿನಕ್ಕೆ ಎರಡು ಸಲ ಹೋಗಿಬರುವಷ್ಟು ಹತ್ತಿರ. ಆದರೂ ಇವತ್ತು ಅದು ಎಷ್ಟು ನಡೆದರೂ ಬರಲೇ ಇಲ್ಲ. ಎಬೊನಿಗೆ ಎರಡು ದಿನದಿಂದ ಈ ಬೀದಿ ಇಷ್ಟೇ ಉದ್ದವಾಗಿತ್ತೆಂದು ಅವಳಿಗೆ ಈಗ ಕಂಡಿತು.

ಹಿಂದಿನಿಂದ ಚಪ್ಪಲಿಯ ಪಟಪಟ ಸದ್ದು ಕೇಳಿತು. ಎಬೊ ಏದುಸಿರು ಬಿಡುತ್ತ ಬಂದು ಅವಳ ಪಕ್ಕ ಸೇರಿಕೊಂಡ.

"ಮನೇಲಿರು ಅಂದಿದ್ನಲ್ಲೋ."

"ಒಬ್ಬಳೇ ಹೋದ್ರೆ ತುಂಬ ದೂರ ಆಗತ್ತೆ," ಎಂದ ಎಬೊ.

ಅರಬಾ ಹೆಜ್ಜೆಯನ್ನು ಅವನ ಹೆಜ್ಜೆಯಷ್ಟು ಚಿಕ್ಕದು ಮಾಡಿಕೊಂಡಳು.