ಬೀರಲಿಂಗನ ಕಡೇ ನುಡಿ

ವಿವೇಕನಿಗೆ ಹಾಡು ತಿಳಿಯುತ್ತಿರಲಿಲ್ಲ. ಉಳಿದವರು ತಲೆದೂಗುವ ಜಾಗದಲ್ಲಿ ಅವನಿಗೆ ಬರೀ ಸಪ್ಪಳ ಕೇಳುತ್ತಿತ್ತು. ಅದಕ್ಕೇ ಮಶಾಕಸಾಬ ನಡುದಾರಿಯಲ್ಲಿ ತನ್ನ ಟಂಟಂ ಆಟೋ ನಿಲ್ಲಿಸಿ ಹೇಳಿದ ಮಾತಿಗೆ ಅವನು ನಕ್ಕುಬಿಟ್ಟ.

"ಸರ, ಮನಿ ನೋಡ್ರಿ, ಚಾ ಕುಡೀರಿ, ಫೋಟೋ ಹೊಡಕೋರಿ. ಕಡೀ ನುಡಿ ಮಾತ್ರ ಬಾಯಾಗ ತರಬ್ಯಾಡ್ರಿ."

"ತಂದ್ರ ಏನಾಗ್ತದ?"

"ಮೂರ ವರ್ಷದ ಹಿಂದ ಒಬ್ಬನ್ನ ಇದ ಗಾಡ್ಯಾಗ ತಂದು ಬಿಟ್ಟಿದ್ದೆ. ಎರಡ ತಾಸ ಕಾದೆ. ಹೊಳ್ಳಿ ಬರಲಿಲ್ಲ."

"ಒಳಗ ಊಟಾ ಹಾಕಿರಬೇಕ್ರಿ ಸಾಬ್ರ. ಹೊಟ್ಟಿ ತುಂಬಿ ಮಲಗಿರ್ತಾನ."

ಮಶಾಕಸಾಬ ನಗಲಿಲ್ಲ. ಕಿಕ್ ಹೊಡೆದು ಗಾಡಿ ಎಬ್ಬಿಸಿದ. ಬಮ್ಮಿಗಟ್ಟಿ ಊರು ಹಿಂದೆ ಬಿತ್ತು. ರಸ್ತೆಯ ಎರಡೂ ಬದಿಗೆ ಗೋವಿನಜೋಳ ಆಳೆತ್ತರ ನಿಂತಿತ್ತು. ಗಾಳಿ ಇರಲಿಲ್ಲ, ಆದರೂ ಒಳಗೆಲ್ಲೋ ಗರಿಗಳು ಒಂದಕ್ಕೊಂದು ಉಜ್ಜುತ್ತಿದ್ದವು.

ವಿವೇಕ ಧಾರವಾಡದ ಪಿಯು ಕಾಲೇಜೊಂದರಲ್ಲಿ ಫಿಸಿಕ್ಸ್ ಹೇಳುತ್ತಿದ್ದ. ಉಳಿದ ಹೊತ್ತಿನಲ್ಲಿ ಯೂಟ್ಯೂಬಿನಲ್ಲಿ ಜನರ ಮೂಢನಂಬಿಕೆಯನ್ನು ಬೈಯುತ್ತಿದ್ದ. ಬೈಯುವುದರಲ್ಲಿ ಅವನಿಗೆ ಸುಖವಿತ್ತು. ಈ ವರ್ಷ ಅವನ ಕೈಗೆ ಸಿಕ್ಕದ್ದು ದುಮ್ಮವಾಡದ ಡೊಳ್ಳಿನ ಹಾಡುಗಾರ ಬೀರಲಿಂಗನ ಸುದ್ದಿ. ಕಲಘಟಗಿಯಿಂದ ಅಣ್ಣಿಗೇರಿವರೆಗೆ ಬೀರಲಿಂಗನ ದನಿ ಇಲ್ಲದ ಟ್ರ್ಯಾಕ್ಟರ್ ಇರಲಿಲ್ಲ. ಮೂರು ವರ್ಷದ ಹಿಂದೆ, ಕುಂದಗೋಳ ಕಡೆಯ ಒಂದು ಊರಿನಲ್ಲಿ, ತುಂಬಿದ ಮಂದಿಯ ನಡುವೆ, ಪದದ ನಡುವೆಯೇ ಅವನು ಕುಸಿದು ಬಿದ್ದ. ನಾಲ್ಕು ತಿಂಗಳು ಯಾರಿಗೂ ಕಾಣಲಿಲ್ಲ. ಆಮೇಲೆ ಬಂದ. ಅದೇ ಮುಖ, ಅದೇ ದನಿ. ಆದರೆ ಅಭಿಮಾನಿಗಳು ಸುಮ್ಮನಿರಲಿಲ್ಲ. ಹಳೆಯ ಫೋಟೋದ ಕಿವಿಗೂ ಹೊಸ ಫೋಟೋದ ಕಿವಿಗೂ ಕೆಂಪು ಸುತ್ತು ಹಾಕಿ ಹಂಚಿದರು. ಬೀರಲಿಂಗ ಸತ್ತಾನ, ಅವನಂಗ ಇರೋ ಇನ್ನೊಬ್ಬನ್ನ ಕೂಡಿಸ್ಯಾರ ಎಂದರು.

ವಿವೇಕ ಮೂರು ವಿಡಿಯೋ ಮಾಡಿದ. ಕ್ಯಾಮೆರಾದ ಲೆನ್ಸ್ ಬದಲಾದರೆ ಕಿವಿಯ ಅಳತೆ ಹೇಗೆ ಬದಲಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದ. "ಬೀರಲಿಂಗ ಬದಲಾಗಿಲ್ಲ, ನಿಮ್ಮ ತಲಿ ಬದಲ ಮಾಡಸ್ಕೋರಿ" ಎಂದ. ಜನ ಅವನ ತಾಯಿಯ ಹೆಸರು ಹಿಡಿದು ಬೈದರು.

ಅವರ ಕೈಯಲ್ಲಿ ಇನ್ನೊಂದು ಸಾಕ್ಷಿ ಉಳಿದಿತ್ತು. ಡೊಳ್ಳಿನ ಪದಕ್ಕೊಂದು ಕಟ್ಟಳೆ ಇದೆ. ಕಡೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಊರ ಹೆಸರು ಬರಬೇಕು, ಹಾಡಿದವನ ಹೆಸರು ಬರಬೇಕು. ಹೆಸರು ಹಾಕದ ಪದ ಮೂಗುದಾರ ಇಲ್ಲದ ಹೋರಿ, ಸಿಕ್ಕವರ ಹೊಲಕ್ಕೆ ನುಗ್ಗುತ್ತದೆ ಎನ್ನುತ್ತಾರೆ ಹಳಬರು. ಮರಳಿ ಬಂದ ಬೀರಲಿಂಗ ಈ ಮೂರು ವರ್ಷದಲ್ಲಿ ಒಂದೇ ಒಂದು ಪದಕ್ಕೂ ಹೆಸರು ಹಾಕಿರಲಿಲ್ಲ. ಕಡೆಯ ನುಡಿ ಬರುವ ಹೊತ್ತಿಗೆ ಡೊಳ್ಳು ಜೋರು ಮಾಡಿ ನಿಲ್ಲಿಸಿಬಿಡುತ್ತಿದ್ದ.

ಆ ನುಡಿಯನ್ನು ಕ್ಯಾಮೆರಾದ ಮುಂದೆ ಹಾಡಿಸಿಬಿಟ್ಟರೆ ಎಲ್ಲರ ಬಾಯಿ ಮುಚ್ಚುತ್ತದೆ. ಅರ್ಧ ತಾಸಿನ ಕೆಲಸ. ಸಂಜೆ ಆರರ ಒಳಗೆ ಅವನು ಮನೆಯಲ್ಲಿರಬೇಕಿತ್ತು. ತಂಗಿ ಮೃಣಾಲಿನಿಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಅಪ್ಪ ಇಲ್ಲದ ಮನೆ. ತಾಯಿ ದ್ವಾರಕಾಬಾಯಿ ಬೆಳಿಗ್ಗೆಯೇ ಹೇಳಿದ್ದಳು: "ನೀ ಇಲ್ಲಂದ್ರ ಮಾತಾಡೋರು ಯಾರೋ? ನಾ ಏನ ಹೆಣ್ಮಗಳು ಒಬ್ಬಾಕಿ ಕೂತು ವ್ಯವಹಾರ ಮಾಡ್ಲಿ?"

ಟಂಟಂ ಊರ ಅಗಸಿಬಾಗಿಲಲ್ಲೇ ನಿಂತಿತು. ಮುಂದೆ ಬರುವುದಿಲ್ಲ ಎಂದ ಮಶಾಕಸಾಬ. ಕಟ್ಟೆಯ ಮೇಲೆ ಕೂತ ನಾಲ್ವರು ಗಂಡಸರು ವಿವೇಕನ ಹೆಗಲಿನ ಕ್ಯಾಮೆರಾ ಚೀಲ ನೋಡಿದರು. ಬೀರಲಿಂಗನ ಮನೆ ಎಲ್ಲಿ ಎಂದು ಕೇಳಿದರೆ ಒಬ್ಬ ಉಗುಳಿ, ಗದ್ದ ಎತ್ತಿ ತೋರಿಸಿದ. ವಿವೇಕ ಹೋದ ಹೋದಲ್ಲಿ ಬಾಗಿಲುಗಳು ಮುಚ್ಚಿಕೊಂಡವು. ನಡುಮಧ್ಯಾಹ್ನ.

ಬೀರಲಿಂಗನ ತಾಯಿ ದುರ್ಗವ್ವ ಬಾಗಿಲಲ್ಲೇ ನಿಂತಿದ್ದಳು, ಯಾರೋ ಮೊದಲೇ ಹೇಳಿ ಕಳಿಸಿದ ಹಾಗೆ. ಗಟ್ಟಿ ಮುದುಕಿ. ಹಣೆಯ ತುಂಬ ಭಂಡಾರದ ಅರಿಶಿನ ಪುಡಿ. ತಿರುಗಿ ಒಳಗೆ ನಡೆದಳು.

ಡೊಳ್ಳು ಇಡುವ ಖೋಲಿಗೆ ಕಿಟಕಿ ಇರಲಿಲ್ಲ. ಹೊಸ್ತಿಲು ದಾಟಿದ ಕೂಡಲೇ ಬಿಸಿಲು ಹಿಂದೆಯೇ ಉಳಿಯಿತು. ಹಸಿ ತೊಗಲಿನ ವಾಸನೆ, ಕುರಿಕಂಬಳಿಯ ವಾಸನೆ, ಹಳೆಯ ಅರಿಶಿನದ ಕಮಟು. ಎಲ್ಲದರ ತಳಕ್ಕೆ ಇನ್ನೊಂದು ವಾಸನೆ ಇತ್ತು. ಬಹಳ ದಿನ ಮುಚ್ಚಿಟ್ಟ ಬಾಯಿಯ ವಾಸನೆ. ಗೋಡೆಯುದ್ದಕ್ಕೂ ಹನ್ನೊಂದು ಡೊಳ್ಳು ತೂಗುಬಿದ್ದಿದ್ದವು. ನಡುವೆ ಕಂಬಳಿಯ ಮೇಲೆ ಬೀರಲಿಂಗ ಕೂತಿದ್ದ. ಕಿವಿ ಮುಚ್ಚುವಂತೆ ರುಮಾಲು ಸುತ್ತಿದ್ದ. ವಿಡಿಯೋದಲ್ಲಿ ಕುಣಿಯುವ ಮನುಷ್ಯ ಇವನೇನಾ ಅನ್ನಿಸುವಷ್ಟು ಸೋತಿದ್ದ. ಕೆನ್ನೆ ಒಳಗೆ ಹೋಗಿತ್ತು.

ವಿವೇಕ ಕ್ಯಾಮೆರಾ ನಿಲ್ಲಿಸಿದ. ಲೈಟು ಹಚ್ಚಿದ.

"ನೋಡ್ರಿ ಅಮ್ಮಾರ, ಒಂದ ನುಡಿ. ಹೆಸರ ಹಾಕಿ ಹಾಡಿಬಿಡ್ಲಿ. ನಿಮ್ಮ ಮಗನ ಮ್ಯಾಲಿನ ಸಂಶಯ ಇವತ್ತಿಗೇ ತೀರ್ತದ."

"ಸಂಶಯ ಯಾರಿಗೈತಿ?"

"ಯಾರಿಗಂದ್ರ? ಊರಿಗೆಲ್ಲಾ ಅದ."

"ಊರಿಗೆ ಸಂಶಯ ಇಲ್ಲೋ ತಮ್ಮಾ. ಊರಿಗೆ ಗೊತ್ತೈತಿ."

ಹಳ್ಳಿಯ ಮುದುಕಿಯ ಕುಹಕ ಎಂದುಕೊಂಡ ವಿವೇಕ. ಬೀರಲಿಂಗನ ಕಡೆ ತಿರುಗಿದ. "ಏನ್ರಿ? ಹಾಡ್ತೀರೋ, ಇಲ್ಲಾ ಖರೇನ ಡೂಪ್ಲಿಕೇಟ್ ಇದ್ದೀರೋ?"

ಬೀರಲಿಂಗ ತಲೆ ಅಲ್ಲಾಡಿಸಿದ. ಅವನ ಕಣ್ಣು ಮಾತ್ರ ವಿವೇಕನ ಬಾಯಿಯ ಮೇಲೆ ನೆಟ್ಟಿತ್ತು. ಹಸಿದವನು ಇನ್ನೊಬ್ಬನ ತಾಟು ನೋಡುವ ಹಾಗೆ.

"ಅಂವ ಹಾಡೂದಿಲ್ಲ," ಎಂದಳು ದುರ್ಗವ್ವ. "ಅವನ ಕಡಿಂದ ಆಗೂದಿಲ್ಲ. ನಿನಗ ಅಷ್ಟ ಅವಸರ ಇದ್ರ ನೀನ ಹಾಡು."

"ನಾನಾ?"

"ಬ್ಯಾಡ ಬಿಡು. ಪ್ಯಾಟಿ ಮಂದಿ ಬಾಯಿ ಬೈಯಾಕ ಇರೂದು, ಹಾಡಾಕಲ್ಲ. ಹೋಗು, ನಿಮ್ಮವ್ವ ದಾರಿ ಕಾಯ್ತಿರತಾಳ."

ಅದು ನಾಟಿತು. ಸೋಲು ಒಪ್ಪಿಕೊಂಡು ಹೋಗುವವನಲ್ಲ ಅವನು. ಹಾಡು ತಿಳಿಯದಿದ್ದರೇನು, ಹಳೆಯ ವಿಡಿಯೋ ಕತ್ತರಿಸಿ ಜೋಡಿಸುವಾಗ ಆ ನುಡಿ ನೂರು ಸಲ ಕಿವಿಯ ಮೇಲೆ ಬಿದ್ದಿತ್ತು. ಒಂದು ಉಪಾಯವೂ ಹೊಳೆಯಿತು. ಈ ಮಂದಿ ಹೆದರುವ ನುಡಿಗೆ ತನ್ನದೇ ಹೆಸರು ಹಾಕಿ ಹಾಡಿ, ಏನೂ ಆಗಲಿಲ್ಲ ಎಂದು ತೋರಿಸಿದರೆ ಅದಕ್ಕಿಂತ ಒಳ್ಳೆಯ ವಿಡಿಯೋ ಇಲ್ಲ. ಕ್ಯಾಮೆರಾದ ಮುಂದೆ ಕೂತ. ಹಲ್ಲು ಕಿಸಿದ. ಬೇಸೂರಿನಲ್ಲಿ ಒದರಿದ:

"ಕಲಘಟಗಿ ಸೀಮ್ಯಾಗ ನಮ್ಮೂರು ದುಮ್ಮವಾಡ,
ಕೆಂಪು ಮಣ್ಣ ಹೊಲದಾಗ ಬೀರಪ್ಪನ ಬೀಡ,
ಹಾಡಿದಾಂವ ವಿವೇಕ, ಹೆಸರ ಮರೀಬ್ಯಾಡ."

ಒಂದು ಗಳಿಗೆ ಏನೂ ಆಗಲಿಲ್ಲ.

ಆಮೇಲೆ ಹನ್ನೊಂದು ಡೊಳ್ಳೂ ಒಟ್ಟಿಗೆ ಒಂದು ಸಲ ಬಡಿದವು. ಯಾರೂ ಮುಟ್ಟಿರಲಿಲ್ಲ.

ಲೈಟು ಆರಿತು. ಕತ್ತಲು. ದುರ್ಗವ್ವನ ಕೈಯಿಂದ ಹಾರಿದ ಭಂಡಾರ ಅವನ ಮುಖಕ್ಕೆ ಹೊಡೆಯಿತು. ಕಣ್ಣು ಉರಿಯಿತು. ಮೂಗು ಕಟ್ಟಿತು. ಏಳಲು ಹೋದ. ಕಾಲು ಏಳಲಿಲ್ಲ. ಗಂಟಲೊಳಗೆ ಏನೋ ಇಳಿಯಿತು. ಬಿಸಿ. ದಪ್ಪ. ಕೂದಲಿದ್ದ ಹಾಗೆ ಒರಟು. ನುಂಗಲಾಗಲಿಲ್ಲ. ಉಗುಳಲಾಗಲಿಲ್ಲ. ದವಡೆ ಲಟಲಟ ಎಂದಿತು. ಮೂಗು ಸರಿಯಿತು. ಸರಿಯುವ ಸಪ್ಪಳ ಅವನಿಗೇ ಕೇಳಿತು. ಅಂಗೈ ದಡ್ಡುಗಟ್ಟಿತು. ಎದೆ ಅಗಲವಾಯಿತು. ಅಂಗಿಯ ಗುಂಡಿ ಹರಿಯಿತು. ಒಂದು. ಎರಡು. ಉಸಿರು ಬರಲಿಲ್ಲ. ಬರಲಿಲ್ಲ. ಬಂತು. ಬಂದ ಉಸಿರು ಅವನದಾಗಿರಲಿಲ್ಲ.

ಕತ್ತಲಲ್ಲಿ ಎದುರಿಗೆ ಯಾರೋ ಅಳುತ್ತಿದ್ದರು.

"ಸುಭಾಸ," ಎನ್ನುತ್ತಿತ್ತು ಆ ದನಿ. ಕೀರಲು, ಸಣ್ಣ ದನಿ. "ನಾ ಸುಭಾಸ. ನವಲಗುಂದ ಸುಭಾಸ. ಟ್ರ್ಯಾಕ್ಟರ್ ಹೊಡೀತಿದ್ನೆಲ್ಲಾ... ಯವ್ವಾ, ನನಗ ನೆನಪ ಐತಿ! ನನಗ ನನ್ನ ಹೆಸರ ನೆನಪ ಐತಿ!"

ಬಾಗಿಲು ತೆರೆಯಿತು. ಬಿಸಿಲಿನ ಪಟ್ಟೆಯಲ್ಲಿ ಬಡಕಲು ಕರಿ ಮನುಷ್ಯನೊಬ್ಬ, ತನ್ನದಲ್ಲದ ದೊಡ್ಡ ಅಂಗಿ ಎತ್ತಿ ಹಿಡಿದುಕೊಂಡು, ತಿರುಗಿ ನೋಡದೆ ಓಡಿಹೋದ.

ದುರ್ಗವ್ವ ಬಾಗಿಲು ಮುಚ್ಚಲಿಲ್ಲ. ಮುಚ್ಚುವ ಅಗತ್ಯ ಇರಲಿಲ್ಲ. ಕಂಬಳಿಯ ತುದಿಯಲ್ಲಿ ಕೂತು ಅಡಿಕೆ ಕತ್ತರಿಸತೊಡಗಿದಳು.

"ನನ್ನ ಮಗ ಹಾಡಕೋತ ಹಾಡಕೋತ ಸತ್ತ," ಎಂದಳು. "ಎದರ ಮ್ಯಾಳದವ್ರು ಬಾಯಿಕಟ್ಟಿನ ಮಾಟಾ ಮಾಡಿಸಿದ್ರು. ಹೆಸರ ಹಾಕೂಕಿಂತ ಮದಲ ಜೀಂವಾ ಹೋತು. ಪದಾ ಮುಗೀಲಿಲ್ಲ. ಈ ಖೋಲ್ಯಾಗ ಕುಂತ ಬಿಟ್ತು. ಸುಭಾಸ ಅಳಾಕ ಬಂದಾಂವ. ಅಭಿಮಾನದಾಗ ಕಡೀ ನುಡಿ ಹಾಡಿದ, ತನ್ನ ಹೆಸರ ಹಾಕಿದ. ಪದಾ ಅವನ ಹೆಸರ ತಿಂದು ನನ್ನ ಮಗನ್ನ ಹೊಳ್ಳಿ ಕೊಡ್ತು. ಮೂರ ವರ್ಷಕ್ಕ ಅಂವನೂ ಸವದ. ನೀ ನಗಾಕ ಬಂದಿ. ಪದಕ್ಕ ಅಳಾಂವ್ನೂ ಅಷ್ಟ, ನಗಾಂವ್ನೂ ಅಷ್ಟ."

ಬಿಡಿಸು ಎನ್ನಲು ಬಾಯಿ ತೆರೆದ. ದಪ್ಪ, ತುಂಬಿದ, ಊರೂರು ಮೆಚ್ಚಿದ ದನಿ ಹೊರಬಿತ್ತು. ದುರ್ಗವ್ವನ ಕೈಯಲ್ಲಿ ಅಡಿಕೆ ಹಾಗೇ ನಿಂತಿತು. ಅವಳು ಕಣ್ಣು ಮುಚ್ಚಿ ಆ ದನಿ ಕೇಳಿದಳು.

"ಮಾತಾಡು," ಎಂದಳು. "ಏನರ ಮಾತಾಡು."

"ನಾ... ನನ್ನ ಹೆಸರ..." ಅಲ್ಲಿಗೆ ನಾಲಿಗೆ ಗಟ್ಟಿಯಾಯಿತು. ಎಷ್ಟು ಸಲ ಎಳೆದರೂ ಆ ಮೂರು ಅಕ್ಷರ ಬರಲಿಲ್ಲ.

"ಬರೂದಿಲ್ಲ. ನಿನಗ ಬರೂದಿಲ್ಲ. ಒಂದೆಂಟ್ಹತ್ತ ದಿನದಾಗ ನಿಮ್ಮ ಮಂದೀಗೂ ಬರೂದಿಲ್ಲ. ಹೆಸರಿನ ಕೂಡ ಮಂದಿ ನೆನಪೂ ತಿಂತೈತಿ ಅದು. ಕಿವಿ ಎರಡ ಮಾತ್ರ ಇದ್ದಂಗ ಬಿಡ್ತೈತಿ. ಹಾಡಾಂವಗ ಕೇಳಬೇಕಲ್ಲ."

ಫೋನು ಎಳೆದುಕೊಂಡ. ಮುಖ ತೋರಿಸಿದ. ಫೋನು ಗುರುತು ಹಿಡಿಯಲಿಲ್ಲ. ಮತ್ತೆ ತೋರಿಸಿದ. ಹಿಡಿಯಲಿಲ್ಲ. ಬೆರಳು ಒತ್ತಿದ. ಹಿಡಿಯಲಿಲ್ಲ. ನಂಬರು ನೆನಪಿಸಿಕೊಳ್ಳುವುದರೊಳಗೆ ಫೋನೇ ರಿಂಗಾಯಿತು. ಅವ್ವ.

"ಎಲ್ಲಿದ್ದೀಯೋ? ಸಂಜೀಗೆ ಅವರು ಬರೋರಿದ್ದಾರ. ಉಪ್ಪಿಟ್ಟಿಗೆ ಕೊತಂಬರಿ ತೊಗೊಂಡ್ಬಾ."

"ಅವ್ವಾ! ಅವ್ವಾ, ನಾನ!"

ಆ ಕಡೆ ಪಾತ್ರೆ ಕೆಳಗಿಟ್ಟ ಸಪ್ಪಳ ಕೇಳಿತು.

"ಯಾರ್ರಿ ನೀವು? ವಿವೇಕಗ ಕೊಡ್ರಿ ಫೋನ."

"ನಾನ ಅವ್ವಾ, ನಿನ್ನ ಮಗಾ—"

"ತಡೀರಿ. ಈ ದನಿ... ನೀವು ಬೀರಲಿಂಗ ಅಲ್ಲೇನ್ರಿ? ಅಯ್ಯ ನಮ್ಮಪ್ಪಾ! ನಿಮ್ಮ ಹಾಡ ದಿನಾ ಮುಂಜಾನೆ ಹಚ್ತೇನಿ ನಾನು, ಮಗಗ ಕದ್ದು. ಅಂವ ನಿಮ್ಮಲ್ಲೇ ಬಂದಾನೇನು? ಜಲ್ದಿ ಕಳಸ್ರಿ ಮತ್ತ, ಮನ್ಯಾಗ ಕಾರ್ಯ ಅದ."

ಅವಳೇ ಫೋನಿಟ್ಟಳು.

ಅವನು ಹೊರಗೆ ಓಡಿದ. ಅಗಸಿಯತನಕ ಓಡಿದ. ಕಟ್ಟೆಯ ಗಂಡಸರು ಎದ್ದು ನಿಂತು "ಬೀರಣ್ಣಾ, ಎಲ್ಲಿಗಿ?" ಎಂದರು. ಯಾರ ಮುಖದಲ್ಲೂ ಆಶ್ಚರ್ಯ ಇರಲಿಲ್ಲ. ತೋಳು ಹಿಡಿದು ಮನೆಗೆ ಮುಟ್ಟಿಸಿದರು. ಆ ಊರಿನ ಹನ್ನೊಂದು ಮನೆಯ ಡೊಳ್ಳಿನವರು ಅದೇ ದನಿಯ ಮೇಲೆ ಉಣ್ಣುತ್ತಿದ್ದರು.

ಮೂರನೆಯ ದಿನ ಪೊಲೀಸರ ಜೊತೆ ಮೃಣಾಲಿನಿ ಬಂದಳು. ಅಳುತ್ತಿದ್ದಳು. ಅಣ್ಣನ ಫೋಟೋ ಹಿಡಿದು ಮನೆಮನೆ ಕೇಳಿದಳು. ಬಂದಿದ್ದ, ಹೋದ ಎಂದಿತು ಊರು. ಆರನೆಯ ದಿನ ಒಬ್ಬಳೇ ಬಂದಳು. ಅಳುತ್ತಿರಲಿಲ್ಲ. ಅಣ್ಣನ ಹೆಸರು ಹೇಳುವಾಗ ಎರಡು ಸಲ ತಡವರಿಸಿ, ಕೈಯಲ್ಲಿದ್ದ ಚೀಟಿ ನೋಡಿಕೊಂಡು ಹೇಳಿದಳು.

ಹನ್ನೊಂದನೆಯ ದಿನ ಮತ್ತೆ ಬಂದಳು. ಹಿಂದಿನ ಎರಡೂ ಸಲ ಅವನನ್ನು ಖೋಲಿಯಲ್ಲಿ ಕೂಡಿಹಾಕಿದ್ದರು; ಅಂದು ಅವನು ಅಂಗಳದಲ್ಲಿ ಕೂತಿದ್ದ. ಅವಳನ್ನು ಕಂಡದ್ದೇ ತಲೆಯ ರುಮಾಲು ಕಿತ್ತೆಸೆದ. ಎಡಗಿವಿಯ ಅಂಚಿನಲ್ಲಿ ಒಂದು ಕಚ್ಚು ಇತ್ತು. ಅವಳು ನಾಲ್ಕು ವರ್ಷದವಳಿದ್ದಾಗ ಗಾಳಿಪಟಕ್ಕಾಗಿ ಜಗಳಾಡಿ ಹಲ್ಲಿನಲ್ಲಿ ಹರಿದದ್ದು. ಕಿವಿಯನ್ನು ಅವಳ ಕಡೆ ತಿರುಗಿಸಿ, ಕೈಯಿಂದ ಎಳೆದು ತೋರಿಸಿದ. ಮಾತಾಡಲು ಹೋದರೆ ಬಾಯಿಂದ ಪದದ ಮೊದಲ ನುಡಿ ಹೊರಟಿತು. ನಿಲ್ಲಿಸಲಾಗಲಿಲ್ಲ. ಹಾಡುತ್ತ ಹಾಡುತ್ತ ಕಿವಿ ತೋರಿಸಿದ.

ಮೃಣಾಲಿನಿ ಹತ್ತಿರ ಬಂದಳು. ಆ ಕಚ್ಚನ್ನು ನೋಡಿದಳು. ಅವಳ ಕೈ ಮೇಲೆದ್ದಿತು. ಬೆರಳು ಕಿವಿಗೆ ಒಂದು ಗೇಣು ದೂರದಲ್ಲಿ ನಿಂತಿತು. ತುಟಿ ಅಲುಗಿದವು.

"ನಾನು..." ಎಂದಳು. "ಯಾತಕ್ಕ ಬಂದಿದ್ದೆ?"

ದುರ್ಗವ್ವ ಒಳಗಿನಿಂದ ಚಹಾ ತಂದುಕೊಟ್ಟಳು. "ಹಾಡ ಕೇಳಾಕ ಬಂದೀಯವಾ."

"ಹೌದ್ರಿ," ಎಂದಳು ಮೃಣಾಲಿನಿ. ಮುಖದ ಗಂಟು ಸಡಿಲವಾಯಿತು. "ನಮ್ಮವ್ವಗ ಇವರ ಹಾಡಂದ್ರ ಜೀವ. ಮನ್ಯಾಗ ನಾವಿಬ್ಬರೇ ನೋಡ್ರಿ, ಆಕಿಗೆ ಅದೊಂದೇ ಹೊತ್ತು ಹೋಗೋದು." ಅವನ ಪಕ್ಕಕ್ಕೆ ನಿಂತು ಒಂದು ಸೆಲ್ಫಿ ತೆಗೆದುಕೊಂಡಳು. ಕೈಯಲ್ಲಿದ್ದ ಚೀಟಿಯನ್ನು ಓದಿದಳು, ಅರ್ಥವಾಗಲಿಲ್ಲ, ಮುದ್ದೆ ಮಾಡಿ ಅಂಗಳದಲ್ಲಿ ಒಗೆದಳು. ಚಹಾ ಕುಡಿದು ಹೊರಟುಹೋದಳು.

ಹನ್ನೊಂದು ದಿನದಲ್ಲಿ ಹೋದದ್ದು ಇಷ್ಟು: ಒಂದು ಹೆಸರು, ಇಪ್ಪತ್ತೆಂಟು ವರ್ಷದ ಬದುಕು, ಒಬ್ಬಳು ತಾಯಿ, ಒಬ್ಬಳು ತಂಗಿ.