ಮೂಲೆ ಕಂಪ್ಯೂಟರಿನ ಕಾರ್ಡು

2004ರ ನವೆಂಬರ್ 7, ಭಾನುವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ, ಕಂಪ್ಯೂಟರ್ ಅಂಗಡಿಯ ಮಾಲೀಕ ಶೇಖಪ್ಪ ಹಳಿಯಾಳದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದ.

"ಕಳುವಾಗೇತ್ರಿ ಸಾಹೇಬ್ರ. ತಲಿಗೆ ತೊಡೋ ಆಟದ ಕನ್ನಡಕ ಹಾಕ್ಕೊಂಡ ಗಿರಾಕಿ ಈಗಷ್ಟ ವಾಂತಿ ಮಾಡ್ಕೊಂಡ."

"ವಾಂತಿಗೂ ಎಫ್‌ಐಆರ್ ಬೇಕೇನ್ರಿ?" ಎಂದಳು ಕಾನ್‌ಸ್ಟೇಬಲ್ ಹೊಳೆವ್ವ.

ಪಿಎಸ್‌ಐ ಸೋಮಪ್ಪ ನಗದೆ ಕುರ್ಚಿ ತೋರಿಸಿದರು. ಶೇಖಪ್ಪ ಬಿಡಿಸಿ ಹೇಳಿದ. ಗೋವಾದಿಂದ ತಂದ ಆ ಕನ್ನಡಕ ತೊಟ್ಟರೆ ಮನುಷ್ಯ ಆಟದೊಳಗೇ ನಿಂತಂತಾಗುತ್ತದೆ. ಅದಕ್ಕೆ ಚಿತ್ರ ಮೂಡಿಸುವ ಬಲವಾದ ಗ್ರಾಫಿಕ್ಸ್ ಕಾರ್ಡು ಬೇಕು. ಕತ್ತು ಹೊರಳಿಸಿದಾಗ ಚಿತ್ರ ಹಿಂದೆ ಬಿದ್ದರೆ ತಲೆ ಸುತ್ತುತ್ತದೆ. ಮೂಲೆಯ ಕಂಪ್ಯೂಟರಿನಲ್ಲಿದ್ದ ಆ ಕಾರ್ಡನ್ನು ಯಾರೋ ತೆಗೆದು, ಹಳೆಯದೊಂದನ್ನು ಕೂರಿಸಿದ್ದರು.

ಹನ್ನೆರಡೂವರೆಗೆ ಇಬ್ಬರು ಪಂಚರ ಮುಂದೆ ಪಂಚನಾಮೆ. ಅಂಗಡಿಯ ಬೀಗ ಮುರಿದಿರಲಿಲ್ಲ. ಕೆಲಸದ ಹುಡುಗಿ ಸರಿತಾ ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿಕೊಟ್ಟಳು. ಸೋಮಪ್ಪ ಬ್ಯಾಟರಿ ಹಿಡಿದು ಇಣುಕಿದರು. ಹಳೆಯ ಕಾರ್ಡಿನ ಸ್ಕ್ರೂ ಬಿಗಿಯಾಗಿತ್ತು. ಫ್ಯಾನಿನ ಧೂಳನ್ನೂ ಯಾರೋ ಒರೆಸಿದ್ದರು.

"ಕಳ್ಳ ಸುಮ್ನ ಒಯ್ಯೂದು ಬಿಟ್ಟು ಇನ್ನೊಂದು ಯಾಕ ಕೂಡಿಸಿದ?"

"ಯಾವುದೂ ಇಲ್ಲಂದ್ರ ಪರದೆ ಮ್ಯಾಲ ಏನೂ ಕಾಣೂದಿಲ್ರಿ," ಎಂದ ಶೇಖಪ್ಪ.

"ನಿನ್ನೆ ಇದರ ಮ್ಯಾಲ ಏನ್ ನಡದಿತ್ತು?"

"ಟೈಪಿಂಗ್ ಕಲಿಯೋ ಹುಡುಗ್ಯಾರ ಪರೀಕ್ಷೆ."

"ಕಳುವಾದ ಕಾರ್ಡ್ ಆರಿಸಿದವರು ಯಾರು?"

"ನಮ್ಮ ಸರಿತಾನ ರೀ. ಅಗ್ಗದ್ದು ಸಾಕಂದ್ರ ಕೇಳಲಿಲ್ಲ. ಬಂದವರ ತಲಿ ತಿರಗತೈತಿ ಅಣ್ಣಾರ ಅಂತ ಹಟ ಮಾಡಿ..." ಶೇಖಪ್ಪ ಅರ್ಧಕ್ಕೇ ನಿಲ್ಲಿಸಿದ.

ಸರಿತಾ ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟಳು. "ನಾನ ತಗದೇನ್ರಿ. ಹುಡುಗ್ಯಾರ ಪರೀಕ್ಷೆ ನಿಲ್ಲಬಾರದಿತ್ತು."

ತಾಂಡಾದ ಅವಳ ಮನೆಯಲ್ಲಿ ತಾಯಿ ರೂಪಿಬಾಯಿಯ ಟ್ರಂಕಿನಲ್ಲಿ, ಸೀರೆಗಳ ನಡುವೆ ಕಾರ್ಡು ಸಿಕ್ಕಿತು.

"ಯಾಕವ್ವಾ?" ಠಾಣೆಗೆ ಮರಳಿದ ಮೇಲೆ ಸೋಮಪ್ಪ ಸರಿತಾಳನ್ನು ಕೇಳಿದರು.

"ನನ್ನ ಡಿಪ್ಲೊಮಾ, ಮಾರ್ಕ್ಸ್ ಕಾರ್ಡ್ ಎಲ್ಲಾ ಮಾಲಕರ ಕಪಾಟಿನ್ಯಾಗ ಅದಾವ್ರಿ. ಕೆಲಸಕ್ಕ ಸೇರುವಾಗ ಇಸ್ಕೊಂಡ್ರು, ಬಿಟ್ಟು ಹೋಗಬಾರದಂತ. ಒರಿಜಿನಲ್ ಇಲ್ಲಂತ ಮೂರು ಕಡೆ ವಾಪಸ್ ಕಳಿಸಿದ್ರು. ಬುಧವಾರ ಹುಬ್ಬಳ್ಳಿಯಾಗ ಇಂಟರ್ವ್ಯೂ ಐತಿ. ಅವನ್ನ ಕೊಟ್ರ ಇದನ್ನ ಕೊಡ್ತೇನಿ ಅನ್ನಾಕಿ ಇದ್ನಿ."

"ಮೊದಲ ಇಲ್ಲಿಗೆ ಬರಬೇಕಿತ್ತು, ತಂಗಿ."

"ಬಂದಿದ್ನಲ್ರಿ, ಆಗಸ್ಟ್‌ನ್ಯಾಗ. ಮಾಲಕರ ಕೂಡ ಮಾತಾಡಿ ಬಗಿಹರಸ್ಕೋ ಹೋಗು ಅಂತ ನೀವ ಅಂದ್ರಿ."

ಸೋಮಪ್ಪನವರಿಗೆ ನೆನಪಾಗಲಿಲ್ಲ. ದಿನಕ್ಕೆ ಹತ್ತು ಮಂದಿಗೆ ಅವರು ಹೇಳುವ ಮಾತು ಅದು.

ಸಂಜೆ ಐದು ನಲವತ್ತಕ್ಕೆ ಬಂಧನ ದಾಖಲಿಸಿ, ಅವರು ಹೊಸ ಹಾಳೆಯಲ್ಲಿ ಅವಳ ದೂರನ್ನೂ ಬರೆದುಕೊಂಡರು. ಶೇಖಪ್ಪನ ಕಪಾಟಿನಿಂದ ಪ್ರಮಾಣಪತ್ರಗಳು ಬಂದವು. ಆದರೆ ಈಗ ಅವೂ ಪ್ರಕರಣದ ಸಾಕ್ಷ್ಯ; ಮೊಹರು ಬಿದ್ದರೆ ನ್ಯಾಯಾಲಯ ಹೇಳುವವರೆಗೆ ಬಿಡುವಂತಿಲ್ಲ. ಬುಧವಾರಕ್ಕೆ ಎರಡೇ ದಿನ ನಡುವೆ.

"ಒಮ್ಮೆ ನೋಡ್ಲೇನ್ರಿ?"

ಸೋಮಪ್ಪ ಕೊಟ್ಟರು. ಸರಿತಾ ಒಂದೊಂದನ್ನೇ ಬಿಡಿಸಿ ಓದತೊಡಗಿದಳು. ಮೊಹರು ಹಾಕಲು ಅರಗಿನ ಕಡ್ಡಿ ಹಿಡಿದ ಹೊಳೆವ್ವ, ಎದುರಿಗೇ ಇದ್ದ ಬೆಂಕಿಪೊಟ್ಟಣವನ್ನು ಬಿಟ್ಟು ಠಾಣೆಯೆಲ್ಲ ಹುಡುಕುತ್ತಲೇ ಇದ್ದಳು.