ಮಧ್ಯಾಹ್ನದ ಒನಕೆ

ಅರವತ್ತೈದನೇ ಇಸವಿಯಲ್ಲಿ ಪ್ರಫುಲ್ಲಾ ಮನೋರೋಗದ ಆಸ್ಪತ್ರೆಯಿಂದ ಕೊಕ್ಕರ್ಣೆಯ ಗಂಡನ ಮನೆಗೆ ಮರಳುವಷ್ಟರಲ್ಲಿ ಹತ್ತಿರದಲ್ಲೇ ಅಕ್ಕಿ ಮಿಲ್ಲು ಬಂದು, ಮನೆಯ ಒನಕೆಗಳು ಮೂಲೆ ಸೇರಿದ್ದವು. ಅವಳನ್ನು ಹೆಸರು ಹಿಡಿದು ಬಯ್ಯುತ್ತಿದ್ದ ದನಿಗಳು ಗುಳಿಗೆಗೆ ಹೆದರಿ ಓಡಿಹೋಗಿದ್ದವು. ಅದಕ್ಕೆ ಅವಳಿಗೆ ಬೇಸರವಿರಲಿಲ್ಲ. ನಾದಿನಿಯೊಡನೆ ಹಾಡುತ್ತ ಭತ್ತ ಕುಟ್ಟಿದ ಮಧ್ಯಾಹ್ನಗಳು ನೆನಪಾದರೆ ಮಾತ್ರ ಕೈ ಸುಮ್ಮನಿರುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಬೀಗ ಹಾಕಿದ ಒರಳುಕೋಣೆಯೊಳಗೆ ಭತ್ತ ಕುಟ್ಟುವ ಸದ್ದಾಯಿತು. ಎರಡು ಒನಕೆಗಳು, ನಡುವೆ ಬಳೆಯ ಕಿಣಿಕಿಣಿ. ತೌಡಿನ ಬಿಸಿ ವಾಸನೆಯೂ ಬಂತು.

ಅನುಮಾನ ಬಂದರೆ ಪಕ್ಕದವರನ್ನು ಕೇಳಿ ನೋಡು ಎಂದು ಡಾಕ್ಟರು ಹೇಳಿಕೊಟ್ಟಿದ್ದರು. ಪಕ್ಕದಲ್ಲಿದ್ದದ್ದು ಅತ್ತೆ ಅಮ್ಮಣ್ಣಿ. ಕೇಳಿದರೆ ಮರುದಿನವೇ ಆಸ್ಪತ್ರೆಗೆ ಬಸ್ಸು. ಈಗಷ್ಟೇ ಮಡಿಲಿಗೆ ಬರತೊಡಗಿದ್ದ ಮಗಳು ಮತ್ತೆ ದೂರ. ಪ್ರಫುಲ್ಲಾ ತಲೆ ತಗ್ಗಿಸಿ ಹುಣಸೆಬೀಜ ಬಿಡಿಸುತ್ತಲೇ ಇದ್ದಳು.

ಅತ್ತೆಯ ಕೈ ನಿಂತಿತ್ತು.

"ಹೆಣ್ಣೇ, ನಿಂಗೆ ಎಂತಾರೂ ಕೇಂತಾ?"

"ಇಲ್ಲೆ ಅತ್ತೆ. ನಿಮ್ಗೆ?"

"ನಂಗೆಂತ ಕೇಂಬುದ್? ನಂಗೆಂತ ಮರ್ಲಾ?" ಎಂದು ತನಗೇನು ಹುಚ್ಚೇ ಎಂಬಂತೆ ಸಿಡುಕಿದ ಅಮ್ಮಣ್ಣಿ, ಒರಳುಕೋಣೆಯ ಬಾಗಿಲಿನತ್ತ ನೋಡಿ ದನಿ ತಗ್ಗಿಸಿದರು. "ನಿನ್ ಗುಳ್ಗಿ ಒಂದ್ ಕೊಡ್ ಕಾಂಬ."

ಮದುವೆಯಾದಾಗಿನಿಂದ ಅತ್ತೆ ಅವಳಲ್ಲಿ ಏನನ್ನಾದರೂ ಬೇಡಿದ್ದು ಅದೇ ಮೊದಲು. ಪ್ರಫುಲ್ಲಾ ಕೊಟ್ಟಳು, ತನ್ನ ಪಾಲಿನದನ್ನೂ ನುಂಗಿದಳು. ಇಬ್ಬರೂ ಗೋಡೆಗೆ ಒರಗಿ ಕಾದರು. ಬಿಸಿಲು ಅಂಗಳ ದಾಟಿತು, ಅತ್ತೆಗೆ ಆಕಳಿಕೆ ಬಂತು, ಕುಟ್ಟುವುದು ನಿಂತಿತು.

ಆಮೇಲೆ ಒಳಗೆ ಯಾರೋ ಒರಳಿಗೆ ಹೊಸ ಭತ್ತ ಸುರಿದುಕೊಂಡು ಮತ್ತೆ ಶುರುಮಾಡಿದರು.